ಫೋನ್ ಮಾಡಬಾರದ ನೂರೈವತ್ತು ಜನ

ನೂರ ಹದಿನೇಳನೆಯ ಸಾಲಿನ ಕೊನೆಯ ಚೌಕದಲ್ಲಿ ಐವತ್ತೆರಡು ಎಂದಿತ್ತು, ಕೊನೆಯ ಸಲ ಅಂಗಡಿಗೆ ಬಂದು ಕಳೆದ ದಿನಗಳು. ಅದರ ಪಕ್ಕದ ಚೌಕದಲ್ಲಿ ಕೊಂಡ ಮಾತ್ರೆಗಳು: ಮೂವತ್ತು. ರಕ್ತದೊತ್ತಡದ ಮಾತ್ರೆ, ದಿನಕ್ಕೊಂದು. ಊರು ಲಾಯಿಲ.

ಆ ಫೈಲನ್ನು ನಾನು ಆ ದಿನ ತೆರೆಯಲೇಬಾರದಿತ್ತು. ಪ್ರಯೋಗ ಮುಗಿಯುವ ಮೊದಲು ಫಲಿತಾಂಶ ನೋಡಬಾರದೆಂದು ನಿಯಮ ಮಾಡಿದವಳು ನಾನೇ. ಖಾಲಿ ಬಿಟ್ಟ ಚೌಕಗಳು ಇವೆಯೇ ಎಂದಷ್ಟೇ ನೋಡಲು ತೆರೆದಿದ್ದೆ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಒಂದೊಂದು ಮೆಡಿಕಲ್ ಅಂಗಡಿ ಇಟ್ಟವರ ಬಳಿ. ಬಂಟ್ವಾಳದ ಅಂಗಡಿಯ ಮಾಳಿಗೆಯಲ್ಲಿ ನನ್ನ ಮೇಜು. ತಿಂಗಳ ಮದ್ದು ಕೊಳ್ಳುವವರಿಗೆ, ಅದು ಮುಗಿಯುವ ಮೂರು ದಿನ ಮೊದಲು ಅಂಗಡಿಯಿಂದ ಫೋನ್ ಹೋಗುತ್ತಿತ್ತು. ಈ ಫೋನಿನಿಂದಾಗಿ ಗಿರಾಕಿಗಳು ನಮ್ಮಲ್ಲೇ ಉಳಿಯುತ್ತಾರೋ, ಇಲ್ಲದಿದ್ದರೂ ಬರುತ್ತಾರೋ ಎಂದು ಮಾಲಕರಿಗೆ ತಿಳಿಯಬೇಕಿತ್ತು. ಒಂದಷ್ಟು ಜನರನ್ನು ಆರಿಸಿ, ಅವರಲ್ಲಿ ಅರ್ಧಕ್ಕೆ ಎರಡು ತಿಂಗಳು ಫೋನ್ ಮಾಡದೆ ನೋಡುವುದೆಂದು ತೀರ್ಮಾನವಾಯಿತು.

"ನಲವತ್ತು ಜನ ಸಾಕಲ್ವಾ?" ಎಂದರು ಮಾಲಕರು.

"ಸಾಕಾಗುವುದಿಲ್ಲ ಸರ್. ಇಪ್ಪತ್ತರಲ್ಲಿ ಇಬ್ಬರು ಮಗಳ ಮನೆಗೆ ಹೋಗಿ ಕೂತರೆ ನಮ್ಮ ಉತ್ತರವೇ ಬದಲಾಗ್ತದೆ."

"ಹಾಗಾದರೆ ಎಷ್ಟು ಬೇಕು, ಅದನ್ನು ಹೇಳಿ ಮಾರಾಯ್ರೆ."

ಮೂರು ದಿನ ಲೆಕ್ಕ ಹಾಕಿ ಮುನ್ನೂರು ಎಂದೆ. ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಹೇಳಿಬಿಡುವ ಭಯ ನನಗಿತ್ತು. ಇರುವ ವ್ಯತ್ಯಾಸ ಕಾಣದೆ ಹೋಗುವ ಭಯವೂ ಇತ್ತು. ಸಂಖ್ಯೆ ದೊಡ್ಡದಾದಷ್ಟೂ ಈ ಎರಡೂ ಕಡಿಮೆಯಾಗುತ್ತಿದ್ದವು. ಅದರ ಜೊತೆಗೆ ಫೋನ್ ಬಾರದವರೂ ಇಪ್ಪತ್ತರಿಂದ ನೂರೈವತ್ತು ಆಗುತ್ತಾರೆ ಎಂಬುದನ್ನು ನಾನು ಕಂಡಿರಲಿಲ್ಲವೆಂದಲ್ಲ. ಅದನ್ನು ಒಂದು ಅಂಕಿಯಾಗಿ ಮಾತ್ರ ಕಂಡಿದ್ದೆ.

ಯಾರಿಗೆ ಫೋನ್, ಯಾರಿಗೆ ಇಲ್ಲ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸಿತು. ಬೆಳ್ತಂಗಡಿಯ ಅಂಗಡಿಯಲ್ಲಿ ಫೋನ್ ಮಾಡುತ್ತಿದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಫೋನ್ ಮಾಡಬಾರದವರ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಅವರು ಲಾಯಿಲದ ಆ ಹೆಸರಿನಲ್ಲಿ ನಿಂತರು.

"ಈ ಅಮ್ಮನನ್ನು ಆಚೆ ಪಟ್ಟಿಗೆ ಹಾಕಿ. ಫೋನ್ ಮಾಡದೆ ಬರುವ ಜನ ಅಲ್ಲ ಇವರು."

"ಒಬ್ಬರನ್ನು ಬದಲಾಯಿಸಿದರೂ ಪ್ರಯೋಗ ಕೆಡ್ತದೆ ಅಕ್ಕ."

"ಆಯ್ತು ಟೀಚರೇ," ಎಂದು ನಕ್ಕರು. "ನಾವು ಹತ್ತನೇ ಕ್ಲಾಸು. ನಮಗೆಂತ ಗೊತ್ತುಂಟು!"

ಐವತ್ತೆರಡನ್ನು ನೋಡಿದ ಕೂಡಲೇ ಆ ನಂಬರಿಗೆ ಫೋನ್ ಮಾಡಿದೆ. ಮೂರು ಸಲವೂ ಪೂರ್ತಿ ರಿಂಗಾಯಿತು, ಯಾರೂ ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ.

"ನಾನು ಮಾಡ್ಲಿಲ್ಲ. ನೀವೇ ಅಲ್ವಾ ಮಾಡ್ಬಾರದು ಹೇಳಿದ್ದು?" ಎಂದರು. ಆಮೇಲೆ, "ನೀವು ಬನ್ನಿ. ಬಿಪಿ ಮಿಷನ್ ತೆಗೆದುಕೊಂಡು ಹೋಗುವ" ಎಂದರು.

ಬೆಳ್ತಂಗಡಿಯ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದೆ. ಇಪ್ಪತ್ತೆರಡು ದಿನ ಮಾತ್ರೆ ಇಲ್ಲದ ದೇಹದಲ್ಲಿ ಏನಾಗುತ್ತದೆಂದು ಮೊಬೈಲಿನಲ್ಲಿ ಹುಡುಕಿದೆ. ಎರಡು ಸಾಲು ಓದಿ ಮುಚ್ಚಿದೆ. ಮನೆಯ ಮುಂದೆ ಜನ ಸೇರಿರುವುದು ಕಣ್ಣಿಗೆ ಕಟ್ಟಿತು. ಅದರ ನಡುವೆಯೇ ಇನ್ನೊಂದು ಯೋಚನೆಯೂ ಬಂತು: ಅವರು ತೀರಿಹೋಗಿದ್ದರೆ ಆ ಸಾಲನ್ನು ಉಳಿಸಬೇಕೋ, ಬಿಡಬೇಕೋ? ಅಂಥದ್ದು ನನಗೆ ಹೊಳೆಯಿತಲ್ಲ ಎಂದು ನಾಚಿ ಮೊಬೈಲನ್ನು ಚೀಲದ ತಳಕ್ಕೆ ತುರುಕಿದೆ.

ಅಕ್ಕನ ಜೊತೆ ರಿಕ್ಷಾದಲ್ಲಿ ಲಾಯಿಲಕ್ಕೆ ಹೋಗಿ ಇಳಿದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಎಲ್ಲಿಂದಲೋ ಕತ್ತರಿಯ ಸದ್ದು. ಜಗಲಿಯ ಮೂಲೆಯಲ್ಲಿ ಆ ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿಯ ಎಲೆ ಕತ್ತರಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಓ, ಬಂದೆಯಾ!" ಅಕ್ಕನನ್ನು ನೋಡಿ ಅವರು ತುಳುವಿನಲ್ಲಿ ಕೂಗಿದರು. "ಫೋನೇ ಇಲ್ಲ. ಇವತ್ತು ಯಾರದೋ ಗುರುತಿಲ್ಲದ ನಂಬರು ಬಂತು, ನಾನು ಎತ್ತಲಿಲ್ಲ. ಮದುವೆಯಾಗಿ ಎಲ್ಲಿಗಾದರೂ ಹೋದೆಯೋ ಅಂದುಕೊಂಡೆ."

"ಈ ಪ್ರಾಯದಲ್ಲಿ ನನ್ನನ್ನು ಯಾರು ಕಟ್ಟಿಕೊಳ್ಳುದು ಅಮ್ಮ? ಮದ್ದು ಎಲ್ಲಿಂದ ತರ್ತಾ ಇದ್ದೀರಿ ಈಗ? ಉಜಿರೆಯಿಂದಲಾ?"

"ಮದ್ದು ಎಂತಕ್ಕೆ? ಅದು ಮುಗಿಯಿತಲ್ಲ."

"ಮುಗಿಯಿತು ಅಂತ ಯಾರು ಹೇಳಿದ್ದು?"

"ನೀನು ಫೋನ್ ಮಾಡ್ಲಿಲ್ಲ," ಎಂದರು ಅಮ್ಮ, ಇಷ್ಟೂ ತಿಳಿಯದೇ ಎಂಬಂತೆ. "ಡಾಕ್ಟ್ರು ಸಾಕು ಹೇಳಿದ್ದಾರೆ, ಅದಕ್ಕೇ ನೀನು ಮಾಡುವುದಿಲ್ಲ. ಅಷ್ಟು ನನಗೆ ಗೊತ್ತಾಗುವುದಿಲ್ವಾ? ಬೆಳಿಗ್ಗೆ ಏಳುವಾಗ ತಲೆ ಸ್ವಲ್ಪ ತಿರುಗ್ತದೆ. ಪ್ರಾಯ ಆಯ್ತು."

ಅಕ್ಕ ತೋಳಿಗೆ ಪಟ್ಟಿ ಸುತ್ತಿ ಅಳೆದರು. ಇನ್ನೊಮ್ಮೆ ಅಳೆದರು. ಸಂಖ್ಯೆಯನ್ನು ಬಾಯಲ್ಲಿ ಹೇಳದೆ, ಮಿಷನ್ನನ್ನು ನನ್ನ ಕಡೆ ತಿರುಗಿಸಿದರು. ರಿಕ್ಷಾದವನಿಗೆ ಹೋಗಬೇಡ ಎಂದು ಕೈಮಾಡಿದರು.

ಬೆಳ್ತಂಗಡಿಯ ಡಾಕ್ಟರು ಅಮ್ಮನನ್ನು ಸಂಜೆಯವರೆಗೆ ಮಲಗಿಸಿಕೊಂಡು, ಒತ್ತಡ ಇಳಿದ ಮೇಲೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. "ಇವತ್ತು ತಂದದ್ದು ಒಳ್ಳೆಯದಾಯಿತು" ಎಂದಷ್ಟೇ ಅಂದರು.

ಅಮ್ಮ ಉಳಿದರು. ನನ್ನ ಭಯ ಮಾತ್ರ ಉಳಿದ ನೂರ ನಲವತ್ತೊಂಬತ್ತು ಸಾಲುಗಳಿಗೆ ಹರಡಿತು. ಖಾಲಿ ಚೌಕ ಹುಡುಕುವಾಗ ಮೂವತ್ತೆಂಟು, ನಲವತ್ತೊಂದು, ನಲವತ್ತಾರು ಎಂಬ ಅಂಕಿಗಳು ಕಣ್ಣಿಗೆ ಬಿದ್ದಿದ್ದವು. ನಮ್ಮನ್ನು ಬಿಟ್ಟು ಬೇರೆ ಅಂಗಡಿಗೆ ಹೋದವರು, ನಿಷ್ಠೆ ಇಲ್ಲದ ಗಿರಾಕಿಗಳು ಎಂದೇ ಅವುಗಳನ್ನು ಓದಿದ್ದೆ. ಅವರು ಎಲ್ಲಿಗೂ ಹೋಗದೆ, ನಮ್ಮನ್ನು ಅಷ್ಟೊಂದು ನಂಬಿ, ಮನೆಯಲ್ಲೇ ಕೂತಿರಬಹುದು.

ಬಸ್‌ಸ್ಟ್ಯಾಂಡಿನಿಂದಲೇ ಮಾಲಕರಿಗೆ ಫೋನ್ ಮಾಡಿ, ಎಲ್ಲ ಹೇಳಿ, ಪ್ರಯೋಗ ನಿಲ್ಲಿಸಬೇಕು ಎಂದೆ.

"ಇನ್ನು ಹತ್ತು ದಿನ ಅಲ್ವಾ ಇರುವುದು? ಈಗ ನಿಲ್ಲಿಸಿದರೆ ಇಷ್ಟು ದಿನದ್ದು ದಂಡ. ನಲವತ್ತು ಸಾಕು ಹೇಳಿದವ ನಾನು. ಮುನ್ನೂರು ಬೇಕೇ ಬೇಕು ಹೇಳಿದ್ದು ಯಾರು?"

"ನಾನು ಸರ್."

"ಹಾಂ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗ್ತದೆ ಅಂತ ಉಂಟಾ? ಅದೂ ನೀವೇ ಹೇಳ್ತೀರಿ ಯಾವಾಗಲೂ. ನಾಳೆ ಹತ್ತು ಗಂಟೆಗೆ ಬರ್ತೇನೆ, ಮಾತಾಡುವ."

ನನ್ನ ಮಾತನ್ನೇ ನನಗೆ ಹೇಳಿದ್ದರು.

ಮರುದಿನ ಮೂಡುಬಿದಿರೆಯ ನನ್ನ ಮನೆಯಿಂದ ಮೊದಲ ಬಸ್ಸು ಹಿಡಿದು, ಸಿದ್ಧಕಟ್ಟೆ ದಾಟುವಾಗ ಉಳಿದ ನೂರ ನಲವತ್ತೊಂಬತ್ತು ನಂಬರುಗಳನ್ನು ದಿನಗಳ ಲೆಕ್ಕದಲ್ಲಿ ಜೋಡಿಸಿದೆ, ಹೆಚ್ಚು ದಿನ ಆದವರು ಮೇಲೆ. ಬಂಟ್ವಾಳದ ಅಂಗಡಿಯ ಶಟರು ಅರ್ಧ ಎತ್ತಿದ್ದಾಗಲೇ ಬಗ್ಗಿ ಒಳಗೆ ಹೋಗಿ ಕೌಂಟರಿನ ಫೋನ್ ಹಿಡಿದೆ. ಗುರುತಿಲ್ಲದವರೊಡನೆ ಮಾತಾಡಲು ನನಗೆ ಮೊದಲಿಂದಲೂ ಅಂಜಿಕೆ. ಏನು ಹೇಳಬೇಕೆಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ. ಮೊದಲ ನಂಬರಿನಲ್ಲಿ ಒಬ್ಬ ಅಜ್ಜ ಎತ್ತಿದರು.

"ಮೆಡಿಕಲ್‌ನಿಂದ ಮಾತಾಡುವುದು. ಮದ್ದು ನಿಲ್ಲಿಸಿದ್ದೀರಾ?" ಎಂದು ಕೇಳಿದೆ.

ಮಾಲಕರು ಬಂದಾಗ ನಾನು ಮೂವತ್ತೊಂದನೆಯವರ ಬಳಿ ಮಾತಾಡುತ್ತಿದ್ದೆ. ಅವರು ಕೌಂಟರಿನ ಎದುರು ನಿಂತು ಕೇಳಿಸಿಕೊಂಡರು. ನಾನು ತಲೆ ಎತ್ತದೆ ಮೂವತ್ತೆರಡನೆಯ ನಂಬರು ಒತ್ತಿದೆ.