ಸೀಮೆಸುಣ್ಣದಲ್ಲಿ ಬರೆದ ಅಶ್ವಶಕ್ತಿ

ಬೆಳಗಿನ ಆರೂ ಹತ್ತು. ಗ್ಯಾರೇಜಿನ ಹಿಂದಿನ ಶೆಡ್ಡಿನ ಶಟರ್ ಅರ್ಧ ಮಾತ್ರ ಎದ್ದಿದೆ. ನೆಲದಲ್ಲಿ ಹುದುಗಿಸಿದ ಕಬ್ಬಿಣದ ಉರುಳೆಗಳ ಮೇಲೆ ಹಳೆಯ ನೀಲಿ ಕಾರೊಂದು ನಾಲ್ಕೂ ಕಡೆ ಪಟ್ಟಿ ಬಿಗಿಸಿಕೊಂಡು ನಿಂತಿದೆ. ಐವತ್ತೆರಡರ ಹೆಂಗಸೊಬ್ಬರು ಬಾನೆಟ್ಟಿನೊಳಗೆ ತಲೆ ತೂರಿಸಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬಲು ಹೊಸದಾಗಿ ಕೂರಿಸಿದ ಟರ್ಬೊದ ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಗೋಡೆಯ ಉಷ್ಣಮಾಪಕದತ್ತ ಕಣ್ಣು ಹಾಯಿಸುತ್ತಾರೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಕಾರಿನ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: 94. ಎಂಜಿನ್ ಇನ್ನೂ ಶುರುವಾಗಿಲ್ಲ.

"ಮೊದ್ಲು ನಾನು ಹೇಳ್ಬೇಕು, ಆಮೇಲೆ ಮೆಷಿನ್ ಹೇಳ್ಬೇಕು. ಮೆಷಿನ್ ಹೇಳಿದ್ಮೇಲೆ ಯಾರು ಬೇಕಾದ್ರೂ ಹೇಳ್ತಾರೆ" ಎನ್ನುತ್ತಾರೆ.

ಕಾರು ಕಟ್ಟಿಹಾಕಿದಲ್ಲೇ ಅರಚುತ್ತದೆ. ಚಕ್ರಗಳು ಉರುಳೆಯನ್ನು ತಿರುಗಿಸುತ್ತವೆ, ಉರುಳೆ ಎಂಜಿನ್ನಿನ ಶಕ್ತಿಯನ್ನು ಅಳೆಯುತ್ತದೆ. ಮೂರು ಓಟ ಮುಗಿದ ಮೇಲೆ ಪರದೆಯಲ್ಲಿ ಮೂಡುವ ಅಶ್ವಶಕ್ತಿ 95. ಅವರು ಮುಖ ಸಿಂಡರಿಸುತ್ತಾರೆ. "ಒಂದು ಜಾಸ್ತಿ ಬಂತು. ಇವತ್ತು ಗಾಳಿ ತಣ್ಣಗಿದೆ, ನಾನು ಸೇರಿಸ್ಲಿಲ್ಲ."

ಸುತ್ತಲಿನ ಮೆಕ್ಯಾನಿಕ್ಕುಗಳೆಲ್ಲ ಇವರನ್ನು ಸೀಮೆಸುಣ್ಣದಕ್ಕ ಎಂದೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ಗ್ಯಾರೇಜಿಗೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದವರು. ಅಳತೆಯವನು ಕೈಕೊಟ್ಟ ದಿನ ಉರುಳೆಯ ಗುಂಡಿ ಒತ್ತಿದರು, ಮತ್ತೆ ಬಿಡಲಿಲ್ಲ. ದಿನಕ್ಕೆ ಐದು ಕಾರು, ಕಾರಿಗೆ ಮೂರು ಓಟ. ಆ ಸದ್ದಿಗೆ ಬಲಗಿವಿ ಹೋಗಿದೆ. ಮನೆಯಲ್ಲಿ ಗಂಡ ಯಾವಾಗಲೂ ಎಡಕ್ಕೇ ಕೂರುತ್ತಾರಂತೆ. "ಬಲಕ್ಕೆ ಬಂದು ಕೂತ್ರು ಅಂದ್ರೆ ನನ್ನನ್ನ ಬೈಯ್ತಿದಾರೆ ಅಂತ ಅರ್ಥ" ಎಂದು ನಗುತ್ತಾರೆ.

ಇವರ ಬಗ್ಗೆ ಬರೆಯಲು ಬಂದ ನನಗೆ ಮಾತ್ರ ನಗು ಬರುವುದಿಲ್ಲ. ಏಕೆಂದರೆ ಶೆಡ್ಡಿನಿಂದ ಹತ್ತು ಹೆಜ್ಜೆ ಮುಂದೆ, ಗಿರಾಕಿಗಳು ಕೂರುವ ಕೋಣೆಯ ಗೋಡೆಯ ಮೇಲೆ, ಇದೇ ಮಾದರಿ ಕಾರಿನ ಚಿತ್ರದ ಕೆಳಗೆ ಕೆಂಪಕ್ಷರದಲ್ಲಿ "ಎರಡರಷ್ಟು ಶಕ್ತಿ! 180!" ಎಂದು ಬರೆದಿದೆ. ತೊಂಬತ್ತೈದೆಲ್ಲಿ, ನೂರಾ ಎಂಬತ್ತೆಲ್ಲಿ? ಅಕ್ಕನನ್ನೇ ಕೇಳಿದೆ.

"ಕಂಪ್ನಿ ಪುಸ್ತಕದಲ್ಲಿ ತೊಂಬತ್ತು ಅಂತಿದೆ, ಅದನ್ನ ಡಬಲ್ ಮಾಡಿದಾರೆ. ತೊಂಬತ್ತು ಇದು ಹೊಸದಾಗಿದ್ದಾಗಿನ ಮಾತು. ಇಪ್ಪತ್ತೈದು ವರ್ಷ ಓಡಿರೋ ಗಾಡಿ. ಟರ್ಬೊ ಹಾಕೋಕೆ ಮುಂಚೆ ಅಳೆದೆ, ಬರೀ ಅರವತ್ತೆಂಟು. ಈ ಟರ್ಬೊ ಅರ್ಧದಷ್ಟು ಗಾಳಿ ಜಾಸ್ತಿ ತುಂಬುತ್ತೆ. ಅರವತ್ತೆಂಟಕ್ಕೆ ಅದರರ್ಧ ಸೇರ್ಸಿದ್ರೆ ನೂರೆರಡು. ಗಾಳೀನ ಒತ್ತಿದ್ರೆ ಬಿಸಿಯಾಗುತ್ತೆ, ಬಿಸಿಯಾದ್ರೆ ತೆಳ್ಳಗಾಗುತ್ತೆ. ಅದಕ್ಕೆ ಎಂಟು ಕಳೀರಿ. ಅಷ್ಟೇ. ಅಜ್ಜನಿಗೆ ಅವನ ಮದುವೆ ಫೋಟೊ ತೋರ್ಸಿ ಓಡು ಅಂದ್ರೆ ಓಡ್ತಾನಾ?"

ಇಷ್ಟು ಸರಳ ಲೆಕ್ಕ. ಆದರೂ ಗಿರಾಕಿಯ ಕೈಗೆ ಹೋಗುವ ಬಣ್ಣದ ಪ್ರಮಾಣಪತ್ರದಲ್ಲಿ ಅಕ್ಕನ ಸಂಖ್ಯೆ ಇರುವುದಿಲ್ಲ, ಗೋಡೆಯ ಸಂಖ್ಯೆ ಇರುತ್ತದೆ. ಗ್ಯಾರೇಜಿನ ಮಾಲೀಕರಿಗೆ ಇದರಲ್ಲಿ ಎಳ್ಳಷ್ಟೂ ನಾಚಿಕೆಯಿಲ್ಲ. "ಜನಕ್ಕೆ ದೊಡ್ಡ ನಂಬರ್ ಬೇಕು ಕಣ್ರೀ. ತೊಂಬತ್ತನಾಲ್ಕು ಅಂದ್ರೆ ಯಾರು ಬರ್ತಾರೆ?" ಎಂದು ನನ್ನನ್ನೇ ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಾವಿರುವಾಗ ಅವರಿಗೇನು ಚಿಂತೆ!

ಕಳೆದ ವರ್ಷ ಒಬ್ಬ ಬಡಗಿಯ ಕಾರಿಗೂ ಹೀಗೇ ಆಯಿತು. ಅಕ್ಕ ನೆಲದ ಮೇಲೆ ಬರೆದದ್ದು 101, ಕಾಗದದಲ್ಲಿ ಅಚ್ಚಾದದ್ದು 190. ಏರಿನಲ್ಲಿ ಕಾರು ಅಷ್ಟು ಎಳೆಯದಿದ್ದಾಗ, ಟರ್ಬೊ ಸಡಿಲವಾಗಿದೆಯೆಂದು ಬಡಗಿ ತಾನೇ ಅದರ ಸ್ಕ್ರೂ ಬಿಗಿಮಾಡಿದ. ಗಾಳಿಯ ಒತ್ತಡ ಹೆಚ್ಚಿತು, ಅದಕ್ಕೆ ತಕ್ಕ ಪೆಟ್ರೋಲು ಸಾಲಲಿಲ್ಲ. ಸೇತುವೆಯ ನಡುವೆ ಪಿಸ್ಟನ್ ಕರಗಿ ತೂತಾಗಿ ಕಾರು ಹೊಗೆಯಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅವನ ತಾಯಿ. ಬೆನ್ನ ಹಿಂದೆ ಬರುತ್ತಿದ್ದ ಲಾರಿ ಒಂದು ಮಾರು ದೂರದಲ್ಲಿ ಹೇಗೋ ನಿಂತುಕೊಂಡಿತು.

ಬಡಗಿ ಗ್ಯಾರೇಜಿಗೆ ಬಂದು ಕೂಗಾಡಿದಾಗ ಮಾಲೀಕರು ಶೆಡ್ಡಿನ ಕಡೆ ಬೆರಳು ತೋರಿಸಿದರು: "ಅಳೆದಿದ್ದು ಆಯಮ್ಮ, ಅವಳನ್ನೇ ಕೇಳಿ." ಅಕ್ಕ ನೆಲ ತೋರಿಸಲು ಹೋದರು. ಅಲ್ಲೇನಿತ್ತು? ಮಾಲೀಕರ ಅಪ್ಪಣೆಯಂತೆ ಶೆಡ್ಡಿನ ನೆಲವನ್ನು ದಿನವೂ ಒರೆಸಲಾಗುತ್ತದೆ. ಯಂತ್ರವೂ ಹಳೆಯದು, ಹೊಸ ಕಾರು ಹತ್ತಿದ ಕೂಡಲೇ ಹಿಂದಿನದನ್ನು ಮರೆಯುತ್ತದೆ. ಹತ್ತು ಜನರ ಮುಂದೆ ಅಕ್ಕ ಬೈಸಿಕೊಂಡರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಸುಳ್ಳು ಬರೆದ ಕೈ ಅಂದೂ ಮಾಲೀಕರ ಕೋಣೆಯ ಫ್ಯಾನಿನ ಕೆಳಗಿತ್ತು, ಇಂದೂ ಅಲ್ಲೇ ಇದೆ.

"ಬೈದಿದ್ದು ನನಗೆ ಅರ್ಧ ಕಿವೀಲಿ ಕೇಳಿಸ್ತು" ಎನ್ನುತ್ತಾರೆ ಅಕ್ಕ. "ಆ ತಾಯಿ ಮಾತ್ರ ಕಣ್ಮುಂದೆ ಬರ್ತಾರೆ. ನನ್ನ ನಂಬರ್ ಅವನ ಕೈಲಿದ್ದಿದ್ರೆ ಸ್ಕ್ರೂ ಮುಟ್ತಿರ್ಲಿಲ್ಲ" ಎನ್ನುತ್ತಾರೆ. ಕೆಲಸ ಬಿಡಬಹುದಿತ್ತಲ್ಲ ಎಂದೆ. ಊರಲ್ಲಿ ಇರುವುದು ಇದೊಂದೇ ಉರುಳೆ. "ನಾನು ಹೋದ್ರೆ ನೆಲದ ಮೇಲೂ ನೂರಾ ಎಂಬತ್ತೇ ಬೀಳುತ್ತೆ."

ಒಂಬತ್ತು ಗಂಟೆಗೆ ನೀಲಿ ಕಾರಿನ ಒಡತಿ ಬರುತ್ತಾರೆ. ಆಸ್ಪತ್ರೆಯ ನರ್ಸ್, ಕೈಯಲ್ಲಿ ಆಗಲೇ 180ರ ಪ್ರಮಾಣಪತ್ರ. ಅಕ್ಕ ಪೆಟ್ಟಿಗೆಯಿಂದ ಅಂಕಿಯ ಉಕ್ಕಿನ ಅಚ್ಚುಗಳನ್ನೂ ಸುತ್ತಿಗೆಯನ್ನೂ ತೆಗೆಯುತ್ತಾರೆ. "ಟರ್ಬೊ ಮುಚ್ಚೋ ತಗಡಿನ ಮೇಲೆ ಒಂದು ಗುರುತು ಹಾಕ್ಲಾ?" ನರ್ಸ್ ಒಪ್ಪಿ ತಲೆಯಾಡಿಸುತ್ತಾರೆ. ಬೆಂಚಿನ ಮೇಲೆ ತಗಡಿಟ್ಟು ಎರಡೇ ಏಟು. ಒಂಬತ್ತು, ನಾಲ್ಕು; ತಣ್ಣನೆಯ ಗಾಳಿ ಕೊಟ್ಟ ಆ ಒಂದು ಲೆಕ್ಕಕ್ಕಿಲ್ಲ. ಬಡಗಿಯ ಘಟನೆಯ ನಂತರ ಹೊರಟ ಪ್ರತಿ ಕಾರಿಗೂ, ಕಾರಿನವರ ಒಪ್ಪಿಗೆ ಕೇಳಿ, ಇವರು ಇದನ್ನೇ ಮಾಡುತ್ತಿದ್ದಾರೆ.

"ಆ ಪೇಪರ್ ಬೇಕಾದ್ರೆ ಗೋಡೆಗೆ ಹಾಕ್ಕೊಳ್ಳಿ. ಏರಲ್ಲಿ ಎಳೀತಿಲ್ಲ ಅನ್ಸಿದ್ರೆ ಸ್ಕ್ರೂ ಮುಟ್ಬೇಡಿ, ಬಾನೆಟ್ ಎತ್ತಿ ಇದನ್ನ ಓದಿ."

ನಿಮಗೇನು ಆಸೆ ಎಂದು ಕೇಳಿದೆ. "ಹೆಸರು ಗಿಸರು ಬೇಡ. ಪೇಪರಲ್ಲೂ ಇದೇ ನಂಬರ್ ಬರ್ಲಿ, ಸಾಕು." ಅಷ್ಟರಲ್ಲಿ ಒಳಗಿಂದ ಮಾಲೀಕರ ಕೂಗು: ಗಿರಾಕಿ ಬಂದಿದ್ದಾರೆ, ಆ ನೆಲ ಒರೆಸಿ. ಅಕ್ಕ ತಗಡನ್ನು ಜಾಗಕ್ಕೆ ಕೂರಿಸಿ ಕೊನೆಯ ನಟ್ಟು ಬಿಗಿಮಾಡುತ್ತಾರೆ.

"ಒರೆಸ್ಲಿ ಬಿಡಿ. ಇದನ್ನ ಒರೆಸೋ ಬಟ್ಟೆ ಅವರ ಹತ್ರ ಇಲ್ಲ."