ಬೆಟ್ಟಕ್ಕೆ ಹೊರಟ ದಿಂಬು

ಅವಳು ಬಸ್ ಓಡಿಸುತ್ತಿದ್ದ ಕಾಲದಲ್ಲಿ, ಬ್ರೇಕ್ ಒತ್ತಿದ್ದು ಪ್ರಯಾಣಿಕರಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ. ನಿಂತವರು ನಿಂತಲ್ಲೇ ಇರುತ್ತಿದ್ದರು. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರು ಇಳಿಯಬೇಕಾದ ಸ್ಟಾಪು ದಾಟಿದ ಮೇಲೆಯೇ ಕಣ್ಣು ಬಿಡುತ್ತಿದ್ದರು. ಅದಕ್ಕೇ ಡಿಪೋದಲ್ಲಿ ಯಾರೋ ಅವಳಿಗೆ ಮೆಲ್ಲಕ್ಕ ಎಂದು ಹೆಸರಿಟ್ಟರು. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಗಂಡ ಕೂಡ ಸಿಟ್ಟು ಬಂದಾಗ ಮಾತ್ರ ಅವಳ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದ.

ಅವಳ ಬಸ್ಸಿನ ಕೊನೆಯ ಸ್ಟಾಪು ಊರಾಚೆ, ಬೆಟ್ಟಸಾಲಿನ ಬುಡದಲ್ಲಿತ್ತು. ತಲೆಗಿಂತ ಎತ್ತರದ ಚೀಲ ಹೊತ್ತವರು ಅಲ್ಲಿ ಇಳಿದು, ಬೂಟಿನ ದಾರ ಬಿಗಿದುಕೊಂಡು, ಕಾಲುದಾರಿ ಹಿಡಿದು ಮರಗಳ ನಡುವೆ ಮರೆಯಾಗುತ್ತಿದ್ದರು. ಮೆಲ್ಲಕ್ಕ ಫ್ಲಾಸ್ಕಿನ ಟೀ ಕುಡಿಯುತ್ತ ಅವರನ್ನು ತಿರುವಿನವರೆಗೂ ನೋಡುತ್ತಿದ್ದಳು. ಆಮೇಲೆ ಬಸ್ಸು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಡುತ್ತಿದ್ದಳು. ಒಮ್ಮೆ ಗಡ್ಡದ ಹುಡುಗನೊಬ್ಬ, "ಬಸ್ ಇಲ್ಲೇ ಬಿಟ್ಟು ಬನ್ನಿ ಮೇಡಂ, ನಮ್ ಜೊತೆ" ಎಂದು ತಮಾಷೆ ಮಾಡಿದ್ದ. ಮೆಲ್ಲಕ್ಕ ನಕ್ಕಿದ್ದಳು. ಆದರೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಅವಳು ಕೆಲಸ ಬಿಟ್ಟಳು. ಕೇಳಿದವರಿಗೆಲ್ಲ "ಸಾಕಾಯ್ತು, ಬಿಟ್ಟೆ" ಎಂದಳು. ಹೆಚ್ಚು ಕೇಳಿದವರಿಗೂ ಅಷ್ಟೇ ಉತ್ತರ.

ಅವಳ ತಂಗಿ ಪರದೆ, ಸೋಫಾ ಕವರು ಹೊಲಿಯುವವಳು. ವರ್ಷಕ್ಕೊಮ್ಮೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಗೆಳತಿಯೊಬ್ಬಳ ಜೊತೆ ಅದೇ ಬೆಟ್ಟಗಳಲ್ಲಿ ಕೆಲವು ದಿನ ನಡೆದುಬರುವುದು ಅವಳ ರೂಢಿ. ಈ ಸಲ ಗೆಳತಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ತಂಗಿ ಆ ಸುದ್ದಿ ಹೇಳಿ ಮುಖ ಸಣ್ಣ ಮಾಡಿಕೊಂಡಾಗ ಮೆಲ್ಲಕ್ಕ, "ನಾನು ಬರ್ತೀನಿ" ಎಂದುಬಿಟ್ಟಳು. ಹೇಳಿದ ಮೇಲೆ ತಾನೇ ಬೆಚ್ಚಿದಳು. ತಂಗಿ ಮಾತ್ರ ಮರುದಿನವೇ ಗೆಳತಿಯ ಚೀಲ, ಮಲಗುವ ಚಾಪೆ ಎಲ್ಲ ಎತ್ತಿಕೊಂಡು ಬಂದಳು.

ನಡುಮನೆಯ ನೆಲದ ಮೇಲೆ ಸಾಮಾನು ಹರವಿಕೊಂಡು ಇಬ್ಬರೂ ಚೀಲ ತುಂಬತೊಡಗಿದರು. ತಂಗಿಯದು ಒಂದೇ ಮಂತ್ರ: ಬೆನ್ನು ಹೊರುವಷ್ಟೇ ಸಾಮಾನು. ಟವೆಲ್ಲನ್ನೂ ಅರ್ಧ ಕತ್ತರಿಸಿದ್ದಳು. ಮೆಲ್ಲಕ್ಕ ಒಳಗೆ ಹೋಗಿ ತನ್ನ ಹತ್ತಿಯ ದಿಂಬು ತಂದು ಚೀಲದ ಬಾಯಿಗೆ ತುರುಕಿದಳು.

"ಅಕ್ಕಾ, ಇದೇನಿದು?"

"ದಿಂಬು."

"ದಿಂಬು ಅಂತ ನಂಗೂ ಕಾಣ್ತಿದೆ. ಇದಕ್ಕೆ ಬೇರೆ ಟಿಕೆಟ್ ತಗೋಬೇಕಾ ಅಂತ ಕೇಳ್ದೆ."

ಒಳಗಿನಿಂದ ಗಂಡನ ದನಿ ಬಂತು. "ಹಾಸಿಗೇನೂ ಸುತ್ತಿಕೊಡ್ಲಾ? ಮಂಚ ಬೇಕಾದ್ರೆ ನಾನು ಹೊತ್ಕೊಂಡು ಹಿಂದೆ ಬರ್ತೀನಿ."

"ನೀವು ಸುಮ್ನಿರ್ರೀ" ಎಂದಳು ಮೆಲ್ಲಕ್ಕ. ಚೀಲದ ಬಾಯಿ ಮಾತ್ರ ಮುಚ್ಚಲಿಲ್ಲ. ದಿಂಬು ಒಳಗೆ ಹೋದರೆ ಮಳೆಕೋಟು ಹೊರಗೆ, ಮಳೆಕೋಟು ಒಳಗೆ ಹೋದರೆ ದಿಂಬಿನ ಮೂಲೆ ಹೊರಗೆ.

"ನಾನೆಲ್ಲ ಬಟ್ಟೆ ಸುತ್ತಿ ತಲೆಗಿಟ್ಕೋತೀನಿ. ಎಲ್ಲರೂ ಹಾಗೇ ಮಾಡೋದು" ಎಂದಳು ತಂಗಿ. ಮೆಲ್ಲಕ್ಕನ ಮುಖ ನೋಡಿ, "ಸರಿ, ಅಂಗಡೀಲಿ ಹಗುರದ್ದು ಸಿಗುತ್ತೆ, ನೋಡೋಣ ನಡಿ" ಎಂದು ಎದ್ದಳು.

ಡೇರೆ, ಹಗ್ಗ, ಬೂಟು ಮಾರುವ ಆ ಅಂಗಡಿಯಲ್ಲಿ ದಿಂಬುಗಳಿಗೆಂದೇ ಒಂದು ಗೋಡೆ ಇತ್ತು. ಮಾರುವ ಹುಡುಗಿ ಮೊದಲು ಕೇಳಿದ್ದು, "ನೀವು ಮಗ್ಗುಲಾಗಿ ಮಲಗ್ತೀರಾ, ಅಂಗಾತನಾ?"

"ಅಂಗಾತ ಮಲಗ್ತೀನಿ. ಏಳೋವಾಗ ಎಡಮಗ್ಗುಲಲ್ಲಿ ಇರ್ತೀನಿ. ನಡುವೆ ಏನಾಗುತ್ತೋ ನಂಗೊತ್ತಿಲ್ಲ."

ಹುಡುಗಿ ನಕ್ಕು, ಕರವಸ್ತ್ರದಷ್ಟು ಚಿಕ್ಕದಾಗಿ ಮಡಚಿದ್ದ ಗಾಳಿದಿಂಬೊಂದನ್ನು ಬಿಡಿಸಿ, ಬಾಯಿಟ್ಟು ಊದಿದಳು. ಮುಷ್ಟಿಯಲ್ಲಿ ಹಿಡಿಯುವಂತಿದ್ದದ್ದು ನೋಡನೋಡುತ್ತ ದಿಂಬಾಯಿತು. ಇನ್ನೊಂದು ಸ್ಪಂಜಿನ ಚೂರು ತುಂಬಿದ್ದು. ಒತ್ತಿ ಸುತ್ತಿದರೂ ದೊಡ್ಡ ಬನ್ನಿನಷ್ಟು ಉಳಿಯುತ್ತಿತ್ತು, ಬಿಟ್ಟರೆ ಉಸಿರೆಳೆದುಕೊಂಡಂತೆ ತಾನೇ ಉಬ್ಬುತ್ತಿತ್ತು. ಮೂರನೆಯದು ಒಳಗೆ ಗಾಳಿ, ಮೇಲೊಂದು ತೆಳು ಸ್ಪಂಜು. "ಇದು ಎರಡಕ್ಕೂ ಮಧ್ಯ. ಆದ್ರೆ ಎರಡೂ ಅಲ್ಲ ಅಂತ ಬೈಯೋರೂ ಇದಾರೆ" ಎಂದಳು ಹುಡುಗಿ.

ಕೈಯಲ್ಲಿ ಒತ್ತಿ ನೋಡಿದರೆ ದಿಂಬು ಗೊತ್ತಾಗುವುದಿಲ್ಲ. ಮೆಲ್ಲಕ್ಕ ಚಪ್ಪಲಿ ಬಿಟ್ಟು ಅಂಗಡಿಯ ನೆಲದ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟಳು. ಬೂಟು ಕೊಳ್ಳಲು ಬಂದವರು ಅವಳನ್ನು ಸುತ್ತುಹಾಕಿಕೊಂಡು ದಾಟಿದರು. ಒಬ್ಬರಂತೂ "ಏನಾಯ್ತು, ನೀರು ಕೊಡಿ" ಎಂದು ಗಾಬರಿಯಾದರು. ತಂಗಿ ನಾಚಿಕೆಯಿಂದ ಹಗ್ಗದ ಸುರುಳಿಗಳತ್ತ ಮುಖ ತಿರುಗಿಸಿಕೊಂಡು, ಈ ಹೆಂಗಸು ಯಾರೋ ತನಗೆ ಗೊತ್ತೇ ಇಲ್ಲ ಎನ್ನುವಂತೆ ನಿಂತಳು.

ಕೊನೆಗೆ ಎಲ್ಲಕ್ಕಿಂತ ಹಗುರವಾಗಿದ್ದ ಗಾಳಿದಿಂಬೇ ಚೀಲ ಸೇರಿತು. ಅದು ತಂಗಿಯ ಆಯ್ಕೆ. ಮೆಲ್ಲಕ್ಕ ಅವಳ ಮುಖ ನೋಡಿ ಹೂಂ ಎಂದಿದ್ದಳು.

ಆದರೆ ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಮಲಗಿ ನೋಡೋಣ ಎಂದು ಮೆಲ್ಲಕ್ಕನಿಗೆ ಅನ್ನಿಸಿದ್ದು ಒಳ್ಳೆಯದೇ ಆಯಿತು. ಮಧ್ಯಾಹ್ನ ಮಹಡಿಯ ಮೇಲೆ ಚಾಪೆ ಹಾಸಿ, ದಿಂಬನ್ನು ಬಿಗಿಯಾಗಿ ಊದಿ ತಲೆ ಇಟ್ಟಳು. ತಲೆ ಅಲ್ಲಾಡಿದರೆ ದಿಂಬು ಕಿರ್ರೆಂದು ಕೂಗಿತು. ಮಗ್ಗುಲಾದರೆ ಒದ್ದೆ ಸೋಪಿನಂತೆ ತಲೆಯಡಿಯಿಂದ ಜಾರಿ ನೀರಿನ ಟ್ಯಾಂಕಿನತ್ತ ಹೋಯಿತು. ಎದ್ದಾಗ ಕುತ್ತಿಗೆಯ ಬಲಭಾಗದಲ್ಲಿ ಹಗ್ಗ ಬಿಗಿದಂತಿತ್ತು. ಅವಳು ಅಲ್ಲೇ ಕುಳಿತು, ಕುತ್ತಿಗೆ ಮುಟ್ಟಿಕೊಳ್ಳುತ್ತ, ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಸ್ಪಂಜಿನದಕ್ಕೆ ಬದಲಾಯಿಸಿಕೊಂಡು ತಂದಾಗ ಕುತ್ತಿಗೆಗೆ ಹಾಯೆನಿಸಿತು. ಆದರೆ ಚೀಲದಲ್ಲಿ ಮತ್ತೆ ಅದೇ ತಾಪತ್ರಯ. ಈ ಸಲ ಹೊರಗುಳಿದದ್ದು ದಪ್ಪ ಸ್ವೆಟರು. ತಂಗಿಗೆ ತಾಳ್ಮೆ ಕೆಟ್ಟಿತು.

"ಎಷ್ಟು ಸಲ ಬದಲಾಯಿಸ್ತೀಯ ಅಕ್ಕ? ಮದುವೆ ಸೀರೆಗೂ ನೀನು ಇಷ್ಟು ತಲೆ ಕೆಡಿಸ್ಕೊಂಡಿರಲಿಲ್ಲ. ಬರೋಕೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳು. ದಿಂಬಿನ ನೆಪ ಯಾಕೆ?"

ಮೆಲ್ಲಕ್ಕ ಸ್ವೆಟರನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ತಂಗಿ ಚಪ್ಪಲಿ ಮೆಟ್ಟಿ ಬಾಗಿಲವರೆಗೂ ಹೋದಾಗ, ಬೆನ್ನ ಹಿಂದಿನಿಂದ, "ನಾನಾಗಿ ಕೆಲಸ ಬಿಡಲಿಲ್ಲ ಕಣೇ" ಎಂಬ ಮಾತು ಕೇಳಿಸಿತು.

ತಂಗಿ ಹೊಸ್ತಿಲಲ್ಲೇ ನಿಂತಳು.

ಅವಳಿನ್ನೂ ಕೆಲಸದಲ್ಲಿದ್ದಾಗ ಒಂದು ದಿನ ಬೆಳಿಗ್ಗೆ, ಬಸ್ಸು ತುಂಬ ಜನ. ಕವಲುದಾರಿಯಲ್ಲಿ ಬಲಕ್ಕೆ ನೋಡಬೇಕೆಂದು ಮೆಲ್ಲಕ್ಕ ಕತ್ತು ತಿರುಗಿಸಿದರೆ ಕತ್ತು ಬರಲಿಲ್ಲ. ಹಿಂದಿನ ದಿನವೇ ಬಿಗಿದಿತ್ತು. ಸರಿಹೋಗುತ್ತದೆ ಎಂದುಕೊಂಡು ಬಂದಿದ್ದಳು. ಮೈಯನ್ನೇ ಸೀಟಿನಿಂದ ತಿರುಗಿಸಿ ನೋಡುವಷ್ಟರಲ್ಲಿ ಸೈಕಲ್ಲಿನವನೊಬ್ಬ ಬಸ್ಸಿನ ಮೂತಿಗೆ ಕೈಯಳತೆಯಲ್ಲಿ ಹಾದುಹೋದ. ಅವನಿಗೆ ಅದು ಗೊತ್ತೂ ಆಗಲಿಲ್ಲ. ಹಾಡು ಗುನುಗುತ್ತಿದ್ದ. ಮೆಲ್ಲಕ್ಕ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಕಂಡಕ್ಟರನನ್ನು ಕರೆದು, ಬೇರೆ ಡ್ರೈವರನನ್ನು ಕಳಿಸಲು ಡಿಪೋಗೆ ಹೇಳು ಎಂದಳು. ಆಮೇಲೆ ಆ ಸೀಟಿನಲ್ಲಿ ಅವಳು ಕೂರಲೇ ಇಲ್ಲ.

"ಎಲ್ಲರೂ ಅಂದ್ಕೊಂಡಿದ್ದು ನಾನು ಆರಾಮಾಗಿ ಬಿಟ್ಟೆ ಅಂತ. ಇವ್ರಿಗೂ ಹೇಳಿಲ್ಲ. ಮಲಗಿದ ರೀತಿ ಒಂದು ಚೂರು ಕೆಟ್ಟರೂ ಮರುದಿನ ನಾನು ಬೊಂಬೆ ಥರ ಆಗ್ತೀನಿ. ಬೆಟ್ಟದ ಮೇಲೆ ಹಾಗಾದ್ರೆ ನನ್ನನ್ನೂ ನೀನೇ ಹೊರಬೇಕಾಗುತ್ತೆ. ಅದಕ್ಕೇ ದಿಂಬು, ದಿಂಬು ಅಂತ ಸಾಯ್ತಿದೀನಿ."

ತಂಗಿ ವಾಪಸ್ಸು ಬಂದು ನೆಲದ ಮೇಲೆ ಕುಳಿತಳು. ಸಮಾಧಾನದ ಮಾತು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಮಲಗು ನೋಡೋಣ. ಕತ್ತಿನ ಕೆಳಗೆ ಎಲ್ಲಿ ಖಾಲಿ ಉಳಿಯುತ್ತೆ ತೋರ್ಸು" ಎಂದು ಅಳತೆಪಟ್ಟಿ ತೆಗೆದಳು.

ಆ ಸಂಜೆ ಇಬ್ಬರಿಗೂ ಒಂದು ವಿಷಯ ಹೊಳೆಯಿತು. ಇಷ್ಟು ದಿನ ಅವರು ತಲೆಗೆ ದಿಂಬು ಹುಡುಕುತ್ತಿದ್ದರು, ಬೇಕಾಗಿದ್ದದ್ದು ಕುತ್ತಿಗೆಗೆ. ಮರುದಿನ ಅಂಗಡಿಗೆ ಹೋಗಿ ಗಾಳಿಯ ಮೇಲೆ ತೆಳು ಸ್ಪಂಜಿದ್ದ ಮೂರನೆಯ ದಿಂಬನ್ನು ತಂದರು. ಹುಡುಗಿ ನಗುವನ್ನು ತುಟಿಯಲ್ಲೇ ತಡೆದುಕೊಂಡು ಬದಲಾಯಿಸಿಕೊಟ್ಟಳು. ಪೂರ್ತಿ ಊದಬಾರದು, ಮಲಗಿಕೊಂಡೇ ದಿಂಬಿನ ಊದುವ ಮೂತಿ ಒತ್ತಿ, ಗದ್ದ ಮೇಲಕ್ಕೂ ಹೋಗದೆ ಎದೆಗೂ ಒತ್ತದೆ ಇರುವವರೆಗೆ ಗಾಳಿ ಬಿಡಬೇಕು ಎಂದು ಅವಳೇ ತೋರಿಸಿಕೊಟ್ಟಳು. ತಂಗಿ ಹಳೆಯ ಹತ್ತಿ ಸೀರೆಯ ತುಂಡಿನಿಂದ ಅದಕ್ಕೊಂದು ಕವರು ಹೊಲಿದು, ಚಾಪೆಗೆ ಕಟ್ಟಲು ಕೆಳಗೆ ಎರಡು ಲಾಡಿ ಇಟ್ಟಳು. ದಿಂಬಿನ ಕಿರ್ರೆನ್ನುವ ಬಾಯಿ ಮುಚ್ಚಿತು, ಜಾರಿ ಓಡುವುದೂ ನಿಂತಿತು. ಸ್ವೆಟರು ಚೀಲದೊಳಗೆ ಹೋಯಿತು.

ಮೆಲ್ಲಕ್ಕ ಗಂಡನಿಗೂ ಅಂದೇ ಎಲ್ಲ ಹೇಳಿದಳು. ಅವನು ಈ ಸಲ ತಮಾಷೆ ಮಾಡಲಿಲ್ಲ. "ಮೊದಲೇ ಹೇಳಬಾರದಿತ್ತಾ?" ಎಂದಷ್ಟೇ ಕೇಳಿ, ಅವಳ ಬೂಟಿಗೆ ಪಾಲಿಶ್ ಹಚ್ಚುತ್ತ ಕುಳಿತ. ಬೆಟ್ಟಕ್ಕೆ ಹೋಗುವ ಬೂಟಿಗೆ ಪಾಲಿಶ್ ಬೇಕಿಲ್ಲ ಎಂದು ಅವಳೂ ಹೇಳಲಿಲ್ಲ.

ಬೆಟ್ಟದ ಮೊದಲ ಮುಂಜಾವಿನಲ್ಲಿ ಮೆಲ್ಲಕ್ಕ ಎದ್ದಾಗ ದಿಂಬು ಸೊರಗಿತ್ತು. ಎಲ್ಲೋ ತೂತಾಗಿದೆ ಎಂದು ಹೆದರಿ ತಡವಿ ನೋಡಿದಳು. ತೂತಲ್ಲ, ಚಳಿ. ಸಂಜೆ ಬಾಯಿಂದ ಊದಿದ ಬಿಸಿಗಾಳಿ ತಣ್ಣಗಾಗಿ ಕುಗ್ಗಿತ್ತು. ಮಲಗುವ ಮುಂಚೆ ಇನ್ನೊಂದು ಉಸಿರು ಸೇರಿಸಿದರೆ ಸಾಕು ಎಂದು ಅವಳಿಗೆ ತಿಳಿಯಿತು. ಮೆಲ್ಲನೆ ಕತ್ತು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ತಿರುಗಿತು. ಅಲ್ಲಿ ಡೇರೆಯ ಮೂಲೆಯಲ್ಲಿ ತಂಗಿ ಇದ್ದ ಬಟ್ಟೆಯನ್ನೆಲ್ಲ ಮೈಮೇಲೆ ಹೇರಿಕೊಂಡು, ಮಂಡಿಗೆ ಮುಖ ಹಚ್ಚಿ ಕುಳಿತಿದ್ದಳು.

"ನಿನ್ ದಿಂಬೆಲ್ಲಿ?"

"ಹಾಕ್ಕೊಂಡಿದೀನಿ" ಎಂದಳು ತಂಗಿ ಸಿಡುಕುತ್ತ. "ಚಳಿ ಆಯ್ತು. ತಲೆಗಿಟ್ಟಿದ್ದನ್ನೆಲ್ಲ ಒಂದೊಂದಾಗಿ ಹಾಕ್ಕೊಂಡೆ. ಆಮೇಲೆ ತಲೆಗೆ ಬರೀ ಬೂಟು."

ಮೆಲ್ಲಕ್ಕ ಹೊಟ್ಟೆ ಹಿಡಿದು ನಕ್ಕಳು. ತಂಗಿ ಮುಖ ಗಂಟಿಕ್ಕಿಕೊಂಡೇ ಇದ್ದು, ಟೀ ಕುದಿಯುವಷ್ಟರಲ್ಲಿ ತಾನೂ ನಕ್ಕಳು.

ಆ ರಾತ್ರಿ ಮಲಗುವಾಗ ಮೆಲ್ಲಕ್ಕ ಲಾಡಿ ಬಿಚ್ಚಿ ದಿಂಬನ್ನು ತಂಗಿಯತ್ತ ತಳ್ಳಿದಳು. "ಬೇಡ" ಎಂದು ತಂಗಿ ಹಿಂದಕ್ಕೆ ತಳ್ಳಿದಳು. ಆದರೆ ದಿನವಿಡೀ ತೂಕಡಿಸುತ್ತ, ಕಲ್ಲು ಎಡವುತ್ತ ನಡೆದವಳನ್ನು ಮೆಲ್ಲಕ್ಕ ನೋಡಿದ್ದಳು. ತಂಗಿ ಬೂಟಿನ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದ ಮೇಲೆ, ದಿಂಬನ್ನು ಮೆಲ್ಲನೆ ಅವಳ ತಲೆಯಡಿಗೆ ಸರಿಸಿ, ತಾನು ಖಾಲಿ ಚೀಲವನ್ನು ಸುತ್ತಿ ಕುತ್ತಿಗೆಗೆ ಕೊಟ್ಟುಕೊಂಡಳು.

ಅದರ ಫಲ ಬೆಳಿಗ್ಗೆ ಕಾಣಿಸಿತು. ಕತ್ತು ಬಲಕ್ಕೆ ಬರಲೊಲ್ಲದು. ತಂಗಿ ಎದ್ದು, ತನ್ನ ತಲೆಯಡಿ ಇದ್ದ ದಿಂಬನ್ನೂ ಅಕ್ಕನ ಸೆಟೆದ ಕತ್ತನ್ನೂ ನೋಡಿ ರೇಗಿದಳು. "ಬುದ್ಧಿ ಇದೆಯಾ ನಿಂಗೆ? ಇದಕ್ಕೇನಾ ಊರೆಲ್ಲ ಸುತ್ತಿ ತಂದಿದ್ದು?" ಎನ್ನುತ್ತ ಬಿಸಿನೀರಿನಲ್ಲಿ ಅರ್ಧ ಟವೆಲ್ ಅದ್ದಿ ಹಿಂಡಿ ಅವಳ ಕುತ್ತಿಗೆಗೆ ಸುತ್ತಿದಳು.

"ಬೈಯೋದು ಆಮೇಲೆ. ನಡೆಯೋಕೆ ಕಾಲು ತಾನೆ ಬೇಕು? ಕಾಲು ಚೆನ್ನಾಗೇ ಇದೆ" ಎಂದಳು ಮೆಲ್ಲಕ್ಕ. ತಾನು ಇಷ್ಟು ದಿನ ಹೆದರಿದ್ದ ಬೆಳಗು ಇದೇ ಎಂದು ಅವಳಿಗೆ ಆಗ ಹೊಳೆಯಿತು. ಹೆದರಿಕೊಂಡಷ್ಟು ಕೆಟ್ಟದಾಗಿ ಅದೇನೂ ಇರಲಿಲ್ಲ. ಇಲ್ಲಿ ಅವಳ ಹಿಂದೆ ಬಸ್ಸು ತುಂಬ ಜನ ಇರಲಿಲ್ಲ. ಇದ್ದವಳು ತಂಗಿಯೊಬ್ಬಳೇ, ಅವಳೂ ಪಕ್ಕದಲ್ಲೇ ಇದ್ದಳು.

ಬಿಸಿಲು ಏರಿದ ಮೇಲೆ ಹೊರಟರು. ದಾರಿ ಬೆಟ್ಟದ ಸೊಂಟ ಬಳಸಿಕೊಂಡು ಹೋಗುತ್ತಿತ್ತು. ಎಡಕ್ಕೆ ಬಂಡೆ, ಕಣಿವೆಯೆಲ್ಲ ಬಲಕ್ಕೆ. ತಂಗಿ ಬಲಗಡೆಗೆ ಬಂದು, ಅಕ್ಕನ ಹೆಜ್ಜೆಗೆ ಹೆಜ್ಜೆ ಸೇರಿಸಿ, ಕಂಡದ್ದನ್ನೆಲ್ಲ ಹೇಳತೊಡಗಿದಳು. ಕೆಳಗೆ ನದಿ ಇದೆ, ಬಿಚ್ಚಿಹೋದ ಲಾಡಿ ಥರ. ಆಚೆ ದಡದಲ್ಲಿ ಸುಟ್ಟ ಮರ. ಅದರ ಮೇಲೊಂದು ಹಕ್ಕಿ. ಹದ್ದಿರಬೇಕು. ಇಲ್ಲ, ಹಾರ್ತಿಲ್ಲ, ಮರದ ತುಂಡೇ ಇರಬೇಕು. ತಾಳು, ಹಾರಿತು.

ಮಧ್ಯಾಹ್ನದ ಹೊತ್ತಿಗೆ ಕತ್ತಿನ ಬಿಗಿ ತಾನಾಗಿ ಸಡಿಲಿತು. ಮೆಲ್ಲಕ್ಕ ಬಲಕ್ಕೆ ತಿರುಗಿ ನೋಡಿದಳು. ನದಿ ತಂಗಿ ಹೇಳಿದ್ದಕ್ಕಿಂತ ಅಗಲವಾಗಿತ್ತು. ತಂಗಿ ಕಣಿವೆಯ ಕಡೆಗೇ ಮುಖ ಮಾಡಿಕೊಂಡು, ಇದೇನನ್ನೂ ಗಮನಿಸದೆ, ನೀರಿಗಿಳಿದ ದನಗಳ ಬಣ್ಣ ಹೇಳುತ್ತಿದ್ದಳು. ಮೆಲ್ಲಕ್ಕ ಮತ್ತೆ ಮುಖವನ್ನು ನೇರಕ್ಕೆ ತಂದು, "ಆಮೇಲೆ?" ಎಂದಳು.