ಗೊಬ್ಬರದಂಗಡಿಯ ಪುರಾವೆ ಪತ್ರ

ಮಾವ ಮೊದಲು ನಕ್ಕರೋ, ಮೊದಲು ಪತ್ರಕ್ಕೆ ಸಹಿ ಹಾಕಿದರೋ ನನಗೆ ಈಗ ಖಚಿತವಿಲ್ಲ. ಈ ಕಥೆಯನ್ನು ಸ್ನೇಹಿತರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟು ಸಲವೂ ಇದರಲ್ಲಿ ನಾನು ಇನ್ನಷ್ಟು ಪ್ರಾಮಾಣಿಕನಾಗುತ್ತ ಬಂದಿದ್ದೇನೆ. ಹಾಗಾಗಿ ಓದುವವರು ಅದರಲ್ಲಿ ಸ್ವಲ್ಪ ಕಳೆದು ಓದುವುದು ಒಳ್ಳೆಯದು.

ಆಗ ನಾನು ದೂರದ ಊರೊಂದರಲ್ಲಿ ಎಂಬಿಎ ಓದುತ್ತಿದ್ದೆ. ಓದು ಒಂದು ನೆಪ. ಎಲ್ಲರೂ ಧ್ಯಾನಿಸುತ್ತಿದ್ದದ್ದು ಕನ್ಸಲ್ಟಿಂಗ್ ಕಂಪನಿಯ ಕೆಲಸವನ್ನು. ಅದಕ್ಕೆ ರೆಸ್ಯೂಮೆ ಬೇಕು, ರೆಸ್ಯೂಮೆಯ ಪ್ರತಿ ಸಾಲಿಗೂ ಪುರಾವೆ ಬೇಕು. ಪುರಾವೆ ಇಲ್ಲದ ಸಾಲನ್ನು ವಿದ್ಯಾರ್ಥಿಗಳದೇ ಒಂದು ಸಮಿತಿ ಹೊಡೆದುಹಾಕುತ್ತಿತ್ತು. ಸಹಪಾಠಿಗಳ ಬಳಿ ಬ್ಯಾಂಕುಗಳ, ವಿದೇಶಿ ಸಂಸ್ಥೆಗಳ ಪತ್ರಗಳಿದ್ದವು. ನನ್ನ ಬಳಿ ಹೇಳಿಕೊಳ್ಳುವಂಥದ್ದು ಒಂದೇ ಸಾಲು: ‘ಗ್ರಾಮೀಣ ವಿತರಣಾ ಕೇಂದ್ರದಲ್ಲಿ ಸರದಿ ವ್ಯವಸ್ಥೆಯನ್ನು ಮರುರೂಪಿಸಿ ಕಾಯುವ ಸಮಯವನ್ನು ಗಣನೀಯವಾಗಿ ಇಳಿಸಿದ್ದು.’ ಬಿಡಿಸಿ ಹೇಳುವುದಾದರೆ, ಒಂದು ಮುಂಗಾರಿನಲ್ಲಿ ಮಸ್ಕಿಯ ಸೋದರಮಾವನ ಗೊಬ್ಬರದಂಗಡಿಯಲ್ಲಿ ಟೋಕನ್ ಹಂಚಿದ್ದೆ. ಈ ಸಾಲು ಹೋದರೆ ಸಂದರ್ಶನದ ಪಟ್ಟಿಯಿಂದ ನಾನೂ ಹೋದಂತೆ. ದಸರಾ ರಜೆಗೆ ಲಿಂಗಸುಗೂರಿನ ಮನೆಗೆ ಬಂದವನು ಮರುದಿನವೇ ಮಸ್ಕಿಯ ಬಸ್ಸು ಹತ್ತಿದೆ.

ನನ್ನ ಬಗ್ಗೆ ಒಂದು ಪತ್ರ ಬೇಕು ಅಂದೊಡನೆ ಮಾವ ಕನ್ನಡಕ ಏರಿಸಿ, “ಹೆಣ್ಣಿನ ಕಡ್ಯಾವ್ರು ಯಾವ ಊರವ್ರಲೇ?” ಅಂದರು. ಹುಡುಗನ ಬಗ್ಗೆ ಅವನ ಸೋದರಮಾವನನ್ನು ವಿಚಾರಿಸುವವರು ಇನ್ಯಾರಿರುತ್ತಾರೆ? ಕಂಪನಿ, ನೌಕರಿ ಅಂತ ನಾನು ವಿವರಿಸುತ್ತಲೇ ಇದ್ದೆ. ಅವರು ಅಂಗಡಿಯ ಲೆಟರ್‌ಹೆಡ್ ತೆಗೆದು, ಮೇಲೆ ಶಿವನ ಹೆಸರು ಬರೆದು, ಹುಡುಗ ಒಳ್ಳೆಯ ಮನೆತನದವನು, ಯಾವ ಚಟವೂ ಇಲ್ಲ, ಹಿರಿಯರ ಮುಂದೆ ಕಾಲ ಮೇಲೆ ಕಾಲು ಹಾಕುವುದಿಲ್ಲ ಎಂದು ಆಗಲೇ ಮೂರು ಸಾಲು ಮುಗಿಸಿದ್ದರು. ಟೋಕನ್ ವಿಷಯ ಬರೆಯಬೇಕೆಂದು ನಾನು ಪಟ್ಟು ಹಿಡಿದಾಗ ಪೆನ್ನು ನಿಂತಿತು.

“ಟೋಕನ್ ಹಂಚಿದಿ, ಖರೆ. ಮಧ್ಯಾಹ್ನದ ತನಕ ನಡದ್ವು. ಆಮ್ಯಾಲ?”

ಆಮೇಲೆ ಏನಾಯಿತೆಂಬುದು ನನಗೆ ನಿಜವಾಗಿಯೂ ಮರೆತುಹೋಗಿತ್ತು. ಅಥವಾ ರೆಸ್ಯೂಮೆ ಬರೆಯುವಾಗ ಮರೆತೆ. ಮಾವನೇ ನೆನಪಿಸಿದರು. ಯೂರಿಯಾ ಬಂದ ದಿನ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಅವರ ಚಪ್ಪಲಿ ನಿಲ್ಲುತ್ತವೆ. ಜನ ಬೇವಿನ ಮರದ ಕೆಳಗೋ, ಚಹಾದಂಗಡಿಯಲ್ಲೋ ಇರುತ್ತಾರೆ. ಔಷಧಿ ಡಬ್ಬದ ರಟ್ಟು ಕತ್ತರಿಸಿ ನಂಬರು ಬರೆದು ನಾನು ಕೊಟ್ಟ ಟೋಕನ್ನನ್ನು ಅವರು ಮರ್ಯಾದೆಯಿಂದ ತೆಗೆದುಕೊಂಡು, ತಮ್ಮ ಚಪ್ಪಲಿಯ ಕೆಳಗಿಟ್ಟು ಚಹಾಕ್ಕೆ ಹೋಗಿದ್ದರು. ಮಧ್ಯಾಹ್ನ ಗಾಳಿ ಬಂತು. ರಟ್ಟು ಹಾರಿದವು, ಚಪ್ಪಲಿ ಹಾರಲಿಲ್ಲ. ಮಾವ ಚಪ್ಪಲಿ ನೋಡಿಯೇ ಸಂಜೆಯ ತನಕ ಗೊಬ್ಬರ ಕೊಟ್ಟರಂತೆ.

“ಮಾವ, ಅಷ್ಟು ಖರೆ ಬರೀಬ್ಯಾಡ್ರಿ. ಅವ್ರಿಗೆ ಅಷ್ಟು ಬೇಕಾಗಿಲ್ಲ.”

“ಸುಳ್ಳಿನ ಮ್ಯಾಲ ಸಿಕ್ಕಾ ಒತ್ತಿದ್ರ ನಾಳೆ ನನ್ನ ರಸೀದಿ ಯಾರು ನಂಬ್ತಾರ? ನಿನ್ನ ನೌಕರಿ ಹ್ವಾದ್ರ ಇನ್ನೊಂದು ಸಿಗ್ತೈತಿ.”

ಮಾವ ಎಲ್ಲವನ್ನೂ ಬರೆದರು, ಗಾಳಿಯನ್ನೂ ಬಿಡಲಿಲ್ಲ. ಕೊನೆಗೆ, ಟೋಕನ್ ಇದ್ದ ಅರ್ಧ ದಿನ ಜಗಳ ಕಡಿಮೆಯಾಗಿತ್ತು ಎಂದು ಸೇರಿಸಿದರು. ಅದು ಸೋದರಳಿಯನಿಗೆ ಕೊಟ್ಟ ರಿಯಾಯಿತಿ. ನಕ್ಕರು, ಸಹಿ ಹಾಕಿದರು, ಸಿಂಧನೂರಿನಲ್ಲಿ ಮಾಡಿಸಿದ ರಬ್ಬರಿನ ದುಂಡನೆಯ ನೇರಳೆ ಸಿಕ್ಕಾ ಒತ್ತಿದರು.

ಸಮಿತಿಯಲ್ಲಿ ಕನ್ನಡ ಓದುವವರು ಒಬ್ಬರೂ ಇರಲಿಲ್ಲ. ಲೆಟರ್‌ಹೆಡ್ ಇದೆ, ಸಹಿ ಇದೆ, ಸಿಕ್ಕಾ ಇದೆ, ಪಾಸ್. ಅನುವಾದ ಅವರು ಕೇಳಲಿಲ್ಲ, ನಾನು ಕೊಡಲೂ ಇಲ್ಲ. ನನ್ನ ಸಾಲನ್ನು ಸುಳ್ಳೆಂದು ಸಾಬೀತು ಮಾಡುವ ಪತ್ರವೇ ಆ ಸಾಲಿಗೆ ಪುರಾವೆಯಾಗಿ ಕಡತ ಸೇರಿತು.

ಸಂದರ್ಶನದಲ್ಲಿ ಇಬ್ಬರಿದ್ದರು. ಒಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ಇದೇನು ಹೇಳಿ ಅಂದರು. ಇಲ್ಲಿ ನಾನು ಚಪ್ಪಲಿಯ ಕಥೆಯನ್ನು ಇದ್ದಂತೆಯೇ ಹೇಳಿದೆನೆಂದೂ, ಅವರು ಮುಖ ಮುಖ ನೋಡಿಕೊಂಡರೆಂದೂ ನನ್ನ ನೆನಪು. ಇನ್ನೊಬ್ಬರು, ನಿಮ್ಮದು ಭತ್ತದ ಸೀಮೆಯಲ್ಲವೇ, ಒಂದು ತಾಲೂಕಿಗೆ ಎಷ್ಟು ಕೊಯ್ಲಿನ ಯಂತ್ರ ಬೇಕಾಗುತ್ತವೆ, ಲೆಕ್ಕ ಹಾಕಿ ಅಂದರು. ಸಿಂಧನೂರಿನ ರಸ್ತೆಯಲ್ಲಿ ಆ ಯಂತ್ರಗಳ ಹಿಂದೆ ಸಿಕ್ಕಿಕೊಂಡೇ ಬೆಳೆದವನು ನಾನು. ಬೋರ್ಡಿನ ಮೇಲೆ ಧೈರ್ಯವಾಗಿ ಬರೆದೆ. ಕೆಲಸ ಸಿಗಲಿಲ್ಲ.

ನಿಜ ಹೇಳಿದ್ದಕ್ಕೆ ಕೆಲಸ ಹೋಯಿತೆಂದು ಹಲವು ವರ್ಷ ಹೇಳಿಕೊಂಡು ತಿರುಗಿದೆ. ಮಾವನಿಗೂ ಹಾಗೇ ಹೇಳಿದೆ. ತಮ್ಮ ಪತ್ರದಿಂದಲೇ ಹೀಗಾಯಿತೆಂದು ಅವರು ಬೇಜಾರು ಮಾಡಿಕೊಂಡರು. ಆ ಬೇಜಾರು ನನ್ನನ್ನು ಕೊರೆಯತೊಡಗಿದ ಮೇಲೆ, ಮೊನ್ನೆ ಹಳೆಯ ಇಮೇಲ್ ಹುಡುಕಿದೆ. ನನ್ನನ್ನು ಯಾಕೆ ಕೈಬಿಟ್ಟರೆಂದು ಕಂಪನಿ ಬರೆದ ನಾಲ್ಕು ಸಾಲು ಅಲ್ಲೇ ಇದ್ದವು. ಟೋಕನ್ನಿನ ಮಾತೇ ಅದರಲ್ಲಿಲ್ಲ. ಕೊಯ್ಲಿನ ಯಂತ್ರದ ಲೆಕ್ಕದ ಭಾಗಾಕಾರದಲ್ಲಿ ನಾನು ಒಂದು ಸೊನ್ನೆ ಹೆಚ್ಚು ಹಾಕಿದ್ದೆ.